ಹತ್ತರಲ್ಲಿ ಎರಡು

ಫೆಬ್ರುವರಿ ೬

ಗುಂಡಿಗೆ ಅಕ್ಕನ ಆಶೀರ್ವಾದ.

ಮೂರು ಸಲ ಫೋನ್ ಮಾಡಿದ್ದೆಯಂತೆ, ನಿಮ್ಮ ಭಾವ ಹೇಳಿದರು. ಬೇಕಂತಲೇ ಎತ್ತಲಿಲ್ಲ. ಫೋನಿನಲ್ಲಿ ನೀನು ತಂಗಿಯಾಗಿರಲ್ಲ, ಡಾಕ್ಟರಾಗಿಬಿಡುತ್ತೀಯ. ನನ್ನ ಒಂದು ಮಾತು ಮುಗಿಯುವುದರೊಳಗೆ ನಿನ್ನ ನಾಲ್ಕು ಪ್ರಶ್ನೆ. ಕಾಗದದಲ್ಲಾದರೆ ನಾನು ಮುಗಿಸುವ ತನಕ ಬಾಯಿ ಮುಚ್ಚಿಕೊಂಡು ಕೇಳಲೇಬೇಕು.

ವಿಷಯ ಇಷ್ಟೇ. ಬಲಗಡೆ ಎದೆಯಲ್ಲಿ ಒಂದು ಗಂಟಿತ್ತು. ಮೊದಲು ಕಡಲೆಕಾಳಿನಷ್ಟು, ಈಗ ಕೋಟಿನ ಗುಂಡಿಯಷ್ಟು. ಇಲ್ಲಿನ ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದರು, ಅದೇ ಅಂತ ಬಂತು. ಆ ಹೆಸರು ಬರೆಯೋದು ನನಗಿಷ್ಟವಿಲ್ಲ, ನಿನಗೆ ಗೊತ್ತಾಯಿತಲ್ಲ. ಎದೆ ಪೂರ್ತಿ ತೆಗೀಬೇಕಂತೆ, ಕಂಕುಳಿನ ಗಂಟುಗಳನ್ನೂ ತೆಗೀಬೇಕಂತೆ. ಎಷ್ಟು ದಿನದಿಂದ ಇತ್ತು ಅಂತ ಮಾತ್ರ ಕೇಳಬೇಡ. ಶಾಲೆಗಳ ಸಮವಸ್ತ್ರದ ಕಾಲ, ಅಂಗಡಿ ತುಂಬ ಬಟ್ಟೆ ಬಿದ್ದಿತ್ತು.

ಎದೆ ಹೋಗುತ್ತಲ್ಲ ಅಂತ ನಾನೇನೂ ಅಳುತ್ತ ಕೂತಿಲ್ಲ. ಇಷ್ಟು ವರ್ಷ ಊರ ಹೆಂಗಸರ ಅಳತೆ ತೆಗೆದವಳು, ಯಾರದ್ದೂ ಎರಡು ಕಡೆ ಸಮ ಇರಲ್ಲ ಅಂತ ನನಗೆ ಗೊತ್ತು. ನಂದು ಸ್ವಲ್ಪ ಹೆಚ್ಚೇ ಹೆಚ್ಚುಕಮ್ಮಿ ಆಗುತ್ತೆ, ಅಷ್ಟೇ. ನನ್ನ ಭಯ ಬಲಗೈದು. ಕತ್ತರಿ ಹಿಡಿಯುವ ಕೈ. ನಮ್ಮ ಬೀದಿ ಕೊನೆಯ ಬ್ರೆಡ್ ಅಂಗಡಿಯವಳಿಗೂ ಇದೇ ಆಪರೇಶನ್ ಆಗಿತ್ತು. ನೋವಿಗೆ ಹೆದರಿ ಕೈ ಆಡಿಸದೆ ಆಡಿಸದೆ ಈಗ ಅದು ಭುಜದಿಂದ ಮೇಲೇಳಲ್ಲ, ತಲೆ ಬಾಚೋಕೂ ಮಗಳೇ ಬೇಕು. ನನಗೆ ಹಾಗಾದರೆ ಅಂಗಡಿ ಮುಚ್ಚಿದ ಹಾಗೇ. ನೋವು ಕಡಿಮೆ ಮಾಡೋದೇ ನಿನ್ನ ವಿದ್ಯೆ ಅಲ್ಲವಾ? ಏನಾದರೂ ಮಾಡು.

ಭಾವನಿಗೆ ಬೈಬೇಡ. ಅವರಿಗೂ ಹೇಳಿದ್ದು ಮೊನ್ನೆಯೇ. ಬಸ್ಸು ಓಡಿಸುವವರು ತಲೆ ಕೆಡಿಸಿಕೊಂಡರೆ ಒಳಗೆ ಕೂತವರ ಗತಿ ಏನು?

ನಿನ್ನ ಅಕ್ಕ


ಫೆಬ್ರುವರಿ ೧೧

ಅಕ್ಕಾ,

ನಿನ್ನ ಕಾಗದ ಓದಿ, ಆಪರೇಶನ್ ಥಿಯೇಟರಿನ ಪಕ್ಕ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅತ್ತೆ. ಆಮೇಲೆ ಸಿಟ್ಟು ಬಂತು. ದಿನ ಬೆಳಗಾದರೆ ಇದೇ ಕಾಯಿಲೆಯ ಹೆಂಗಸರಿಗೆ ಅರಿವಳಿಕೆ ಕೊಡುವವಳು ನಾನು, ನನ್ನ ಅಕ್ಕ ಮಾತ್ರ ಗಂಟು ಮುಚ್ಚಿಟ್ಟುಕೊಂಡು ಸಮವಸ್ತ್ರ ಹೊಲಿಯುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ತಡ ಮಾಡದೆ ಇಲ್ಲಿಗೆ ಬಾ. ಶಸ್ತ್ರಚಿಕಿತ್ಸೆಗೆ ನಮ್ಮಲ್ಲಿ ಒಳ್ಳೆಯವರಿದ್ದಾರೆ, ಮಾತಾಡಿದ್ದೇನೆ. ನಿನಗೆ ಅರಿವಳಿಕೆ ಕೊಡುವವಳು ನಾನಲ್ಲ. ಸ್ವಂತದವರನ್ನು ಮುಟ್ಟಬಾರದು ಅಂತ ನಿಯಮ. ನಿಯಮ ಇಲ್ಲದಿದ್ದರೂ ನನ್ನ ಕೈ ಮೇಲೆ ಅವತ್ತು ನನಗೇ ನಂಬಿಕೆ ಇರುವುದಿಲ್ಲ.

ನೋವಿನ ವಿಷಯ ಕೇಳಿದ್ದೀಯ. ಎದೆಯ ನೋವನ್ನು ಒಯ್ಯುವ ನರಗಳು ಬೆನ್ನುಮೂಳೆಯ ಪಕ್ಕದಿಂದ ಹೊರಟು, ಪಕ್ಕೆಲುಬಿನ ಗುಂಟ ಸುತ್ತಿಕೊಂಡು ಮುಂದಕ್ಕೆ ಬರುತ್ತವೆ. ದಾರಿಯಲ್ಲೇ ಅವನ್ನು ಮರಗಟ್ಟಿಸಿದರೆ ಎಚ್ಚರವಾದ ಮೇಲೂ ಅರ್ಧ ದಿನವೋ ಒಂದು ದಿನವೋ ಹಾಯಾಗಿರುತ್ತದೆ, ಕೈಯನ್ನೂ ಬೇಗ ಆಡಿಸಬಹುದು. ಅದಕ್ಕೆ ಎರಡು ದಾರಿ. ಒಂದು, ಬೆನ್ನಿನಲ್ಲಿ, ನರಗಳು ಹೊರಗೆ ಬರುವ ಕಡೆಯೇ ಸೂಜಿ ಹಾಕುವುದು. ಹಳೆಯ ವಿಧಾನ, ಗಟ್ಟಿ ವಿಧಾನ. ಆದರೆ ಪಕ್ಕದಲ್ಲೇ ಶ್ವಾಸಕೋಶ ಇರುತ್ತದೆ, ಕೈ ಚೆನ್ನಾಗಿ ಪಳಗಿರಬೇಕು. ಇನ್ನೊಂದು, ಮುಂದೆ, ಎದೆಯ ಸ್ನಾಯುಗಳ ಪದರಗಳ ನಡುವೆ ಔಷಧ ಬಿಡುವುದು. ನೀನು ಕೋಟಿನ ಬಟ್ಟೆಗೂ ಅಸ್ತರಿಗೂ ನಡುವೆ ಕೈ ಹಾಕಿ ನೋಡುತ್ತೀಯಲ್ಲ, ಹಾಗೆ. ಇದನ್ನು ಕಲಿಯುವುದು ಸುಲಭ, ಅಪಾಯ ಕಡಿಮೆ.

ಈ ಎರಡರಲ್ಲಿ ಯಾವುದು ನೋವನ್ನು ಹೆಚ್ಚು ತಡೆಯುತ್ತದೆ ಅಂತ ನಾವು ಹೋಲಿಸಿ ನೋಡುತ್ತಿದ್ದೇವೆ. ಮೂರು ವರ್ಷದ ಕೆಲಸ. ಒಪ್ಪಿದ ಹೆಂಗಸರಿಗೆ ಯಾವ ಸೂಜಿ ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಹಿಂದೆ ಮುಂದೆ ಎರಡೂ ಕಡೆ ಪ್ಲಾಸ್ಟರ್ ಅಂಟಿಸುತ್ತೇವೆ, ಯಾವುದು ಕೊಟ್ಟಿದ್ದು ಅಂತ ಅವರಿಗೂ ಗೊತ್ತಾಗುವುದಿಲ್ಲ, ನೋವು ವಿಚಾರಿಸುವ ನರ್ಸಿಗೂ ಗೊತ್ತಿರುವುದಿಲ್ಲ. ನರ್ಸ್ ಕೇಳುವುದು ಇಷ್ಟು: "ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡ್ಕೊಳ್ಳಕ್ಕೇ ಆಗಲ್ಲ. ಈಗ ಎಷ್ಟಿದೆ?" ಅವರು ಹೇಳುವ ಅಂಕೆಯೇ ನಮಗೆ ಎಲ್ಲ.

ನೀನು ಇದಕ್ಕೆ ಸೇರಲೇಬೇಕು ಅಂತಿಲ್ಲ. ಸೇರದಿದ್ದರೂ ಎರಡರಲ್ಲಿ ಒಂದನ್ನು ಕೊಟ್ಟೇ ಕೊಡುತ್ತಾರೆ.

ನಿನ್ನ ಗುಂಡಿ


ಫೆಬ್ರುವರಿ ೧೭

ಗುಂಡೀ,

ಸೇರಬೇಕು ಅಂತಿಲ್ಲ ಅಂದರೇನೇ? ಯಾರ ಯಾರ ಮನೆಯ ಅಕ್ಕ ತಂಗಿಯರೋ ನಿನ್ನ ಕೆಲಸಕ್ಕೆ ಮೈ ಕೊಡಬೇಕು, ನಿನ್ನ ಸ್ವಂತ ಅಕ್ಕ ಬಾಗಿಲ ಹಿಂದೆ ನಿಲ್ಲಬೇಕಾ? ನಾನು ಸೇರುತ್ತೀನಿ. ನಿಮ್ಮ ದೊಡ್ಡ ಡಾಕ್ಟರಿಗೆ ಹೇಳು.

ಒಂದು ಮಾತು ಕೇಳುತ್ತೀನಿ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡಬೇಡ. ನಿನಗೆ ಯಾವ ಸೂಜಿ ಗೆಲ್ಲಬೇಕು ಅಂತ ಇದೆ? ಇಲ್ಲ ಅನ್ನಬೇಡ. ನೀನು ಕೋಟಿನ ಗುಂಡಿ ನುಂಗಿ ಆ ಹೆಸರು ಸಂಪಾದಿಸಿದ ದಿನದಿಂದ ನಿನ್ನ ಮುಖ ಓದುತ್ತ ಬಂದಿದ್ದೀನಿ. ಅಮ್ಮ ಹೋದ ಮೇಲೆ ಆ ಮುಖ ಬಿಟ್ಟು ಬೇರೇನು ಓದಿದ್ದೀನಿ ನಾನು? ಬೆನ್ನಿನದಕ್ಕೆ ಗಟ್ಟಿ ವಿಧಾನ ಅಂತ ಎರಡು ಮಾತು, ಎದೆಯದಕ್ಕೆ ಕೋಟು, ಅಸ್ತರು, ಕೈ ಹಾಕೋದು ಅಂತ ಒಂದು ಕಥೆಯನ್ನೇ ಹೇಳಿದ್ದೀಯ.

ನಿನ್ನ ಅಕ್ಕ


ಫೆಬ್ರುವರಿ ೨೩

ಅಕ್ಕಾ,

ದೊಡ್ಡ ಡಾಕ್ಟರು ಒಪ್ಪಿದರು. ನೀನು ಆಸ್ಪತ್ರೆಯಲ್ಲಿರುವಷ್ಟು ದಿನ ನಾನು ಆ ವಾರ್ಡಿನೊಳಗೆ ಕಾಲಿಡಬಾರದು, ಗಾಜಿನ ಬಾಗಿಲ ಆಚೆಯಿಂದಲೇ ನೋಡಬೇಕು, ಅದು ಷರತ್ತು.

ನಿನ್ನ ಪ್ರಶ್ನೆಗೆ ಉತ್ತರ ಬರೆಯಬಾರದು. ಆದರೆ ನಿನ್ನ ಹತ್ತಿರ ಏನನ್ನು ಮುಚ್ಚಿಟ್ಟಿದ್ದೇನೆ ಹೇಳು. ಓದು ಮುಗಿಸಿ ಮೊದಲು ಕೆಲಸಕ್ಕೆ ಸೇರಿದ ಆಸ್ಪತ್ರೆ ನೆನಪಿದೆಯಾ, ಎರಡೇ ವಾರ್ಡಿನದು? ಅಲ್ಲಿ ಒಬ್ಬ ಹೆಂಗಸಿಗೆ ಇದೇ ಆಪರೇಶನ್ ಆಯಿತು. ಬೆನ್ನಿನ ಸೂಜಿ ಹಾಕಲು ನನಗೆ ಧೈರ್ಯ ಸಾಲಲಿಲ್ಲ, ಹಾಕಬಲ್ಲವರು ಬೇರೆ ಯಾರೂ ಇರಲಿಲ್ಲ. ಅವಳು ಟವೆಲ್ ಕಚ್ಚಿಕೊಂಡು ಕೂತಿದ್ದಳು, ಕೂಗಲೂ ಇಲ್ಲ. ಅಂಥ ಆಸ್ಪತ್ರೆಗಳೇ ಹೆಚ್ಚು, ಅಕ್ಕಾ. ಎದೆಯ ಸೂಜಿ ಬೆನ್ನಿನ ಸೂಜಿಗೆ ಸರಿಸಮ ಅಂತ ಸಾಬೀತಾದರೆ ಸಾಕು, ಎಲ್ಲ ಕಡೆಯೂ ಅದನ್ನು ಕಲಿಸಬಹುದು. ಗೆಲ್ಲುವುದೂ ಬೇಡ, ಸಮ ಬಂದರೆ ಸಾಕು, ನಾನು ಓದಿದ್ದು ಸಾರ್ಥಕ.

ಇದನ್ನು ಓದಿ ಮರೆತುಬಿಡು. ನರ್ಸ್ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳು.

ನಿನ್ನ ಗುಂಡಿ


ಮಾರ್ಚ್ ೨೮

ಗುಂಡಿಗೆ ಅಕ್ಕನ ಆಶೀರ್ವಾದ.

ಮನೆ ಸೇರಿದೆ. ಭಾವ ಬಸ್ಸನ್ನು ಯಾವತ್ತೂ ಅಷ್ಟು ನಿಧಾನ ಓಡಿಸಿರಲಿಲ್ಲ. ಹಿಂದಿನ ಸೀಟಿನವನು "ಇಳ್ದು ತಳ್ಳೋದಾ ಸಾರ್?" ಅಂತ ಕೇಳಿದ.

ಗಾಜಿನ ಆಚೆ ನಿಂತು ನೀನು ಕೈ ಬೀಸುತ್ತಿದ್ದೆಯಲ್ಲ, ಈಚೆ ನಡೆದದ್ದು ನಿನಗೆ ಗೊತ್ತಿಲ್ಲ. ಗಾಯದಿಂದ ನೀರಿಳಿಯುವ ಆ ನಳಿಗೆ, ಬಾಟಲಿ ಹಿಡಕೊಂಡು ಎಲ್ಲರೂ ಒದ್ದಾಡುತ್ತಿದ್ದರು. ಎಡಗೈಯಲ್ಲೇ ಹೆಗಲಿಗೆ ಹಾಕಿಕೊಳ್ಳುವ ಚೀಲ ಹೊಲಿದು ಕೊಟ್ಟೆ. ಅಲ್ಲಿಂದ ನಾನೇ ವಾರ್ಡಿಗೆ ದೊಡ್ಡಕ್ಕ. ಪಕ್ಕದ ಮಂಚದಲ್ಲಿ ಒಬ್ಬರು ಲೆಕ್ಕದ ಟೀಚರು. ಆಪರೇಶನ್ ಆಗಿ ಬಂದು, ಎಚ್ಚರವಾಗಿ, ಮೊದಲು ನನ್ನನ್ನು ಕೇಳಿದ್ದೇನು ಗೊತ್ತಾ? "ಇದು ಏಳಾ, ಎಂಟಾ? ಏಳೂವರೆ ಅಂದ್ರೆ ಬರ್ಕೊಳ್ತಾರಾ?" ನಗು ತಡೆಯೋಕಾಗಲಿಲ್ಲ, ನಕ್ಕರೆ ಹೊಲಿಗೆ ಎಳೆಯುತ್ತೆ.

ಈಗ ಸಂತೋಷದ ವಿಷಯ ಹೇಳುತ್ತೀನಿ ಕೇಳು. ನಾನು ಅವರಿಗೆ, "ಎರಡು ಅನ್ನಿ ಟೀಚರೇ" ಅಂದೆ. ನಾನೂ ಎರಡೇ ಅಂದಿದ್ದೆ, ಮೊದಲಿಂದ ಕೊನೆ ತನಕ. ನಿನ್ನ ವಿಷಯ ಹೇಳಿದೆ. ಗಾಜಿನ ಆಚೆ ನಿಂತಿದ್ದಾಳಲ್ಲ, ಅವಳು ನನ್ನ ತಂಗಿ, ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ, ಎರಡು ಸೂಜಿಯೂ ಸಮ ಅಂತ ಬಂದರೆ ಬಡ ಊರಿನ ಹೆಂಗಸರಿಗೆಲ್ಲ ಒಳ್ಳೇದಾಗುತ್ತೆ ಅಂತ. ಯಾರಿಗೆ ಯಾವ ಸೂಜಿ ಅಂತ ನಮಗೆ ಗೊತ್ತಿಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಎಲ್ಲರೂ ಒಂದೇ ಅಂಕೆ ಹೇಳಿದರೆ ಸಮ ಬಂತಲ್ಲ! ಟೀಚರು ಬೆರಳಲ್ಲಿ ಎಣಿಸಿ ನೋಡಿ, "ಲೆಕ್ಕ ಸರಿ ಇದೆ" ಅಂದರು. ಆಮೇಲೆ ಇಡೀ ವಾರ್ಡೇ ಎರಡು. ನಾನು ಹೊರಡುವಾಗ ಹೊಸದಾಗಿ ಬರುವವರಿಗೂ ಹೇಳಿಕೊಡಿ ಅಂತ ಟೀಚರಿಗೆ ಒಪ್ಪಿಸಿ ಬಂದಿದ್ದೀನಿ.

ನಿನ್ನ ಓದಿಗೆ ಹಗಲೂ ರಾತ್ರಿ ಮಿಷನ್ ತುಳಿದಿದ್ದೆ, ಓದಿದ ಮೇಲೆ ನಿನ್ನ ಕೆಲಸಕ್ಕೆ ನಾನೇನೂ ಮಾಡೋಕಾಗಲಿಲ್ಲ ಅಂತ ಒಂದು ಕೊರಗಿತ್ತು. ಈಗ ಅದೂ ತೀರಿತು. ಕೈ ಸ್ವಲ್ಪ ಬಿಗಿ ಇದೆ, ಸರಿಹೋಗುತ್ತೆ.

ನಿನ್ನ ಅಕ್ಕ


ಏಪ್ರಿಲ್ ೨

ಅಕ್ಕಾ,

ಏನು ಮಾಡಿಬಿಟ್ಟೆ.

ನಿನ್ನ ಕಾಗದ ಹಿಡಿದುಕೊಂಡೇ ಆ ವಾರ್ಡಿಗೆ ಹೋದೆ. ಹಿಂದಿನ ದಿನ ಆಪರೇಶನ್ ಆಗಿದ್ದ ಒಬ್ಬಳು ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಿಚಿತ್ತು, ಹಣೆ ತುಂಬ ಬೆವರು, ಹಾಸಿಗೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಎಷ್ಟಿದೆ ನೋವು ಅಂದೆ. ನನ್ನನ್ನು ನೋಡಿ ನಗಲು ಪ್ರಯತ್ನಪಟ್ಟು "ಎರಡು" ಅಂದಳು.

ಆ ಅಂಕೆ ನಮ್ಮ ಲೆಕ್ಕಕ್ಕೆ ಮಾತ್ರ ಅಲ್ಲ. ಎಲ್ಲರಿಗೂ ಕೊಡುವ ಮಾತ್ರೆ ಬಿಟ್ಟರೆ, ಗಟ್ಟಿ ಔಷಧ ಕೊಡುವುದು ಆ ಅಂಕೆ ನೋಡಿ. ನಾಲ್ಕು ದಾಟಿದರೆ ಇಂಜೆಕ್ಷನ್. ಎರಡು ಅಂದವರಿಗೆ ಇಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸುವಾಗ ಇದನ್ನು ಹೇಳಿರುತ್ತಾರೆ, ನೀನು ತಲೆ ಆಡಿಸಿ ಸಹಿ ಹಾಕಿರುತ್ತೀಯ. ನಿನ್ನ ಟೀಚರು ಏಳೂವರೆಯ ನೋವನ್ನು ಹಲ್ಲು ಕಚ್ಚಿ ಸಹಿಸಿದರು. ಅವರಿಗೆ ಸಿಗಬೇಕಾದ ಔಷಧ ಐದು ಹೆಜ್ಜೆ ದೂರದ ಕಪಾಟಿನಲ್ಲಿತ್ತು.

ಸಮ ಬಂತಲ್ಲ ಅಂದೆಯಲ್ಲ, ಹೌದು, ಸಮವೇ ಬಂದಿತ್ತು. ಇಲ್ಲಿಯವರೆಗಿನ ಫಲಿತಾಂಶ ನೋಡಿ ನಾನು ಕುಣಿದಾಡಿದ್ದೆ. ಎದೆಯ ಸೂಜಿ ನಿಜವಾಗಿ ಕಮ್ಮಿಯದಾಗಿದ್ದರೆ? ಆ ಸುಳ್ಳನ್ನು ನಾನೇ ಊರೂರಿಗೆ ಹಂಚುತ್ತಿದ್ದೆ, ಹೆಂಗಸರು ಟವೆಲ್ ಕಚ್ಚಿಕೊಂಡು ಕೂರುತ್ತಿದ್ದರು, ಡಾಕ್ಟರುಗಳು ನಮ್ಮ ಹೆಸರು ಹೇಳಿ ಇದೇ ಸರಿ ಅನ್ನುತ್ತಿದ್ದರು.

ದೊಡ್ಡ ಡಾಕ್ಟರಿಗೆ ಎಲ್ಲ ಹೇಳಿದೆ. ಕೆಲಸ ನಿಲ್ಲಿಸಿದ್ದಾರೆ. ನೀನು ಬಂದ ದಿನದಿಂದ ಆ ವಾರ್ಡಿನ ಅಂಕೆಗಳನ್ನೆಲ್ಲ ಬಿಡಬೇಕು. ಈ ಕೆಲಸದ ಮುಂದಾಳತ್ವ ಇನ್ನು ನನ್ನದಲ್ಲ. ಅವರು ಬೈಯಲಿಲ್ಲ, "ನಿಮಗೆ ಏನು ಬೇಕು ಅಂತ ಪೇಶೆಂಟಿಗೆ ಯಾಕ್ ಹೇಳಿದ್ರಿ?" ಅಂತ ಮಾತ್ರ ಕೇಳಿದರು.

ಒಂದು ಕೇಳುತ್ತೇನೆ, ಡಾಕ್ಟರಾಗಿ ಅಲ್ಲ. ಆಪರೇಶನ್ ಆದ ಸಂಜೆ ನಾನು ಗಾಜಿನ ಆಚೆ ನಿಂತಿದ್ದೆ. ನರ್ಸ್ ಹೊರಗೆ ಬಂದು "ನಿಮ್ಮಕ್ಕಂಗೆ ಎರಡೇ ಮೇಡಂ" ಅಂದಳು. ಕ್ಯಾಂಟೀನಿಗೆ ಹೋಗಿ, ಖುಷಿಯಿಂದ ಟೀ ಕುಡಿದು, ಮನೆಗೆ ಹೋಗಿ ಮಲಗಿದೆ. ನಿನಗೆ ಅವತ್ತು ನಿಜವಾಗಿ ಎಷ್ಟಿತ್ತು?

ಗುಂಡಿ


ಏಪ್ರಿಲ್ ೨೦

ಅಕ್ಕಾ,

ಉತ್ತರ ಇಲ್ಲ. ಭಾವನಿಗೆ ಫೋನ್ ಮಾಡಿದೆ. "ಚೆನ್ನಾಗಿದ್ದಾಳಮ್ಮ" ಅಂದರು. ಅಂಗಡಿ ತೆಗೆದಿದ್ದೀಯಾ ಅಂತ ಕೇಳಿದ್ದಕ್ಕೆ ರಸ್ತೆ ರಿಪೇರಿಯ ವಿಷಯ ಮಾತಾಡಿದರು.

ಸಿಟ್ಟಿನಲ್ಲಿ ಬರೆದೆ. ಬರೆದದ್ದು ಸುಳ್ಳಲ್ಲ, ಆದರೆ ನಿನಗೆ ಬರೆಯಬೇಕಾದ ರೀತಿ ಅದಲ್ಲ. ಒಂದು ಸಾಲು ಹಾಕು.

ನಿನ್ನ ಗುಂಡಿ


ಮೇ ೩

ಗುಂಡೀ,

ನಿನ್ನ ಮೇಲೆ ಮುನಿಸಲ್ಲ. ಮೊದಲು ಟೀಚರನ್ನು ನೋಡದೆ ನಿನಗೆ ಬರೆಯೋಕೆ ಮುಖ ಇರಲಿಲ್ಲ.

ಹೋಗಿ ಬಂದೆ. ಮೂರನೇ ಮಹಡಿಯ ಮನೆ, ಒಬ್ಬರೇ ಇರೋದು. ಬಾಗಿಲು ತೆಗೆದು ಖುಷಿಪಟ್ಟರು, ಕುರ್ಚಿ ಮೇಲಿದ್ದ ಪುಸ್ತಕ ಎತ್ತಿಟ್ಟು ಕೂತ್ಕೊಳ್ಳಿ ಅಂದರು. ನಾನು ನಿಂತೇ ಹೇಳಿದೆ, ನಿಜ ಅಂಕೆ ಹೇಳಿದ್ದರೆ ನಿಮಗೆ ಔಷಧ ಸಿಗುತ್ತಿತ್ತು, ನನ್ನ ಮಾತು ಕೇಳಿ ನೀವು ಸುಮ್ಮನೆ ನರಳಿದಿರಿ ಅಂತ. ಬೈತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಸಲೀಸಾಗಿತ್ತು. "ನನ್ನ ನೋವಿಂದ ಯಾರಿಗೋ ಒಳ್ಳೇದಾಗ್ತಿದೆ ಅಂತ ತಡ್ಕೊಂಡೆ ಅಕ್ಕ. ಅದೂ ಇಲ್ವಾ ಹಾಗಾದ್ರೆ?" ಅಂದರು. ಗುಂಡೀ, ಅಮ್ಮ ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಉಪಕಾರ ಮಾಡ್ತೀನಿ ಅಂತ ಹೊರಟು ಒಬ್ಬ ಒಂಟಿ ಹೆಂಗಸಿನ ನಿದ್ದೆ ಕಿತ್ತುಕೊಂಡೆ. ಕೊನೆಗೆ ಅವರೇ ನನಗೆ ಸಮಾಧಾನ ಮಾಡಿ, ಟೀ ಮಾಡಿಕೊಟ್ಟರು. "ಮೂವತ್ತು ವರ್ಷ ಲೆಕ್ಕ ಹೇಳ್ಕೊಟ್ಟೋಳು ನಾನು, ತಪ್ಪು ಲೆಕ್ಕಕ್ಕೆ ಸರಿ ಹಾಕಿದ್ದು ನಂದೂ ತಪ್ಪೇ" ಅಂದರು.

ಕೇಳಿದ್ದೆಯಲ್ಲ. ಆ ಸಂಜೆ ನನಗೆ ಒಂಬತ್ತಿತ್ತು. ಹತ್ತು ಅನ್ನೋಣ ಅಂದರೆ, ಹತ್ತು ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ. ಕಾದ ಇಸ್ತ್ರಿಪೆಟ್ಟಿಗೆ ಎದೆ ಮೇಲಿಟ್ಟು ಯಾರೋ ಮರೆತು ಹೋದ ಹಾಗಿತ್ತು. ನೀನು ಗಾಜಿನ ಆಚೆ ನಗುತ್ತಿದ್ದೆ, ನಾನೂ ನಕ್ಕೆ.

ಬರೀ ನಿನ್ನ ಸೂಜಿಗೋಸ್ಕರ ಹೇಳಿದ ಸುಳ್ಳಲ್ಲ ಅದು. ಸೂಜಿ ನೆಪ. ಅಮ್ಮ ಹೋದ ಮೇಲೆ ನೀನು ಶಾಲೆಯಿಂದ ಬಂದವಳೇ ನನ್ನ ಮುಖ ನೋಡುತ್ತಿದ್ದೆ, ಇವಳೂ ಹೋಗಿಬಿಡುತ್ತಾಳಾ ಅಂತ. ಜ್ವರ ಇದ್ದರೂ "ಏನಿಲ್ಲ" ಅನ್ನುತ್ತಿದ್ದೆ. ನಿನಗೆ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು. ಆ ಮಾತು ನಾಲಿಗೆಗೆ ಎಷ್ಟು ಅಭ್ಯಾಸ ಆಗಿದೆಯೆಂದರೆ, ನಿಮ್ಮ ಸೂಜಿಗಳ ಕಥೆ ಇಲ್ಲದಿದ್ದರೂ ನಾನು ಬಹುಶಃ ಎರಡು ಅಂತಲೇ ಅನ್ನುತ್ತಿದ್ದೆನೇನೋ.

ಕೈ ಭುಜದ ಮಟ್ಟಕ್ಕೆ ಬರುತ್ತೆ, ಆಮೇಲೆ ಬರಲ್ಲ. ನೋವು ಅಂತ ಹೇಳದೆ, ಆಡಿಸದೆ, ಮಡಿಚಿಟ್ಟುಕೊಂಡೇ ಇದ್ದೆ. ಅಂಗಡಿ ತೆಗೆದಿಲ್ಲ. ಇಲ್ಲಿನ ಡಾಕ್ಟರು ಮತ್ತೆ ಅರಿವಳಿಕೆ ಕೊಟ್ಟು, ಸೂಜಿ ಹಾಕಿ, ಭುಜ ಬಿಡಿಸಬೇಕು ಅನ್ನುತ್ತಾರೆ. ನನಗೆ ಬೇಡ. ಗೋಡೆ ಮೇಲೆ ಬೆರಳು ಹತ್ತಿಸುತ್ತೀನಿ, ಭಾವ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಸರಿಹೋಗುತ್ತೆ. ನೀನು ನಿನ್ನ ಕೆಲಸ ನೋಡಿಕೋ.

ಅಕ್ಕ


ಮೇ ೯

ಅಕ್ಕಾ,

ಒಂಬತ್ತು. ಆ ಅಂಕೆಯನ್ನು ಎಷ್ಟು ಸಲ ಓದಿದೆನೋ. ನಾನು ಟೀ ಕುಡಿಯುತ್ತಿದ್ದೆ, ನೀನು ಒಂಬತ್ತರಲ್ಲಿದ್ದೆ.

ನಿನಗೆ ಯಾವ ಸೂಜಿ ಕೊಟ್ಟಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಬಾರದು ಕೂಡ. ಕೆಲಸ ಮತ್ತೆ ಶುರುವಾಗುತ್ತದೆ, ಬೇರೆಯವರ ಕೈಕೆಳಗೆ. ಯಾವುದು ಗೆಲ್ಲಬೇಕು ಅಂತ ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನುತ್ತೇನೆ. ನಿಜಕ್ಕೂ ಗೊತ್ತಿಲ್ಲ ಈಗ. ನಿನ್ನ ಟೀಚರು ಇಲ್ಲಿಗೆ ಬಂದಿದ್ದರು, ನಿನಗೆ ಹೇಳಲಿಲ್ಲವಾ? ದೊಡ್ಡ ಡಾಕ್ಟರನ್ನು ನೋಡಿ, ಶನಿವಾರ ಶನಿವಾರ ಬಂದು ಹೊಸಬರ ಹತ್ತಿರ ಮಾತಾಡುತ್ತೇನೆ ಅಂದರು. ಮೊನ್ನೆ ಮಂಚದಿಂದ ಮಂಚಕ್ಕೆ ಹೋಗಿ, "ಯಾರಿಗೂ ದಾಕ್ಷಿಣ್ಯ ಮಾಡ್ಬೇಡಿ. ಎಷ್ಟಿದೆಯೋ ಅಷ್ಟು ಹೇಳಿ. ಅರ್ಧ ಇದ್ರೆ ಅರ್ಧಾನೂ ಹೇಳಿ" ಅನ್ನುತ್ತಿದ್ದರು. ಒಬ್ಬಳು ಒಂಬತ್ತು ಅಂದಳು. ನರ್ಸ್ ಓಡಿದಳು, ಇಂಜೆಕ್ಷನ್ ಕೊಟ್ಟಳು, ಸ್ವಲ್ಪ ಹೊತ್ತಿಗೆ ಅವಳು ನಿದ್ದೆ ಹೋದಳು. ಅವಳೇ ನೀನು ಅಂದುಕೊಂಡು ಬಾಗಿಲಲ್ಲೇ ನಿಂತು ನೋಡಿದೆ.

ಭುಜಕ್ಕೆ ಗೋಡೆ, ಪೆನ್ಸಿಲು ಸಾಲದು. ನೋವು ತಡೆದರೆ ಮಾತ್ರ ಕೈ ಆಡುತ್ತದೆ. ಅದನ್ನು ತಡೆಯುವ ದಾರಿ ಇದೆ, ಮೊದಲು ನೋವು ಇದೆ ಅಂತ ನೀನು ಹೇಳಬೇಕು. ತಡವಾದಷ್ಟೂ ಕತ್ತರಿ ದೂರವಾಗುತ್ತದೆ. ಇದನ್ನು ಡಾಕ್ಟರಾಗಿಯೇ ಹೇಳುತ್ತಿದ್ದೇನೆ.

ಈಗಲೇ ಬಸ್ಸು ಹತ್ತಿ ಬರಬಲ್ಲೆ. ಬಂದರೆ ನೀನು ಬಾಗಿಲಲ್ಲೇ "ಏನಿಲ್ಲ" ಅನ್ನುತ್ತೀಯ, ನಾನು ಎಂಟು ವರ್ಷದ ಹುಡುಗಿಯ ಹಾಗೆ ನಂಬಿಬಿಡುತ್ತೇನೆ. ಅದಕ್ಕೇ ಬರುವುದಿಲ್ಲ. ನೀನು ಕರೆದರೆ ಬರುತ್ತೇನೆ.

ನಿನ್ನ ಗುಂಡಿ


ಮೇ ೧೬

ಗುಂಡೀ,

ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದೆ. ಒಂದು ಬಟ್ಟೆ ಹಾಸಿ ಗೆರೆ ಎಳೆದೆ, ಕತ್ತರಿ ಹಿಡಿದೆ. ಅರ್ಧ ಗೆರೆ ಹೋಗುವುದರೊಳಗೆ ಕೈ ನಿಂತಿತು. ಎಡಗೈಯಿಂದ ಅದನ್ನು ಎತ್ತಿ ಮೇಜಿನ ಮೇಲಿಟ್ಟು, ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೀನಿ. ಭಾವ ಕೆಲಸಕ್ಕೆ ಹೋಗಿದ್ದಾರೆ.

ಇದಕ್ಕೆ ಮೊದಲು ಮೂರು ಸಲ ಬರೆದು ಹರಿದು ಹಾಕಿದೆ. ಮೂರರಲ್ಲೂ ಕೊನೆಗೆ ಚಿಂತೆ ಮಾಡಬೇಡ ಅಂತಲೇ ಬಂದಿತ್ತು.

ಚಿಂತೆ ಮಾಡು. ತುಂಬ ನೋಯ್ತಿದೆ ಕಣೇ, ನನ್ನ ಕೈಲಿ ಆಗ್ತಿಲ್ಲ. ಬಂದುಬಿಡು.

ನಿನ್ನ ಅಕ್ಕ